ಬಿಸಿಲು ಬೀಳದ ಮನೆ

ಯಾರ ಮನೆಗೆ ಹೋದರೂ ಗೋಡೆ ಮುಟ್ಟಿ ನೋಡುವ ಚಟವೊಂದು ನನಗಿದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು, ಚೆನ್ನಾಗಿದ್ದೀರಾ ಎಂದು ಕೇಳುವಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಹೋಗಿ ಪಶ್ಚಿಮದ ಗೋಡೆಯ ಮೇಲೆ ಕೂತಿರುತ್ತದೆ. ಕೆಲವರು ನಾನು ಬಣ್ಣ ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು, ಅದನ್ನು ಯಾವ ಅಂಗಡಿಯಿಂದ ತಂದದ್ದೆಂದು ವಿವರಿಸಲು ಶುರುಮಾಡುತ್ತಾರೆ. ಒಬ್ಬರು ಆಂಟಿ ನಾನು ಧೂಳು ನೋಡಿದೆನೆಂದುಕೊಂಡು, ಮುಂದಿನ ಸಲ ನಾವು ಹೋಗುವಷ್ಟರಲ್ಲಿ ಗೋಡೆಗಳನ್ನೆಲ್ಲ ಒರೆಸಿಟ್ಟಿದ್ದರು. ನಮ್ಮ ಯಜಮಾನರಂತೂ ಊಟಕ್ಕೆ ಕರೆದವರ ಬಾಗಿಲಲ್ಲೇ "ಕೈ ಜೇಬಲ್ಲಿ ಇಟ್ಕೊಳೇ" ಎಂದು ಪಿಸುಗುಟ್ಟುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಸುಟ್ಟೇ ಬಂದ ಗುಣ, ಇನ್ನೆಲ್ಲಿ ಹೋದೀತು?

ನಾನು ರಾಯಚೂರಿನವಳು. ಅಲ್ಲಿನ ಬಿಸಿಲು ಕಂಡವರಿಗೆ ಇಷ್ಟು ಹೇಳಿದರೆ ಸಾಕು, ಕಾಣದವರಿಗೆ ಎಷ್ಟು ಹೇಳಿದರೂ ಸಾಲದು. ನಮ್ಮಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ಹೇಳಿಕೊಂಡು ನಗುತ್ತೇವೆ. ಅಪ್ಪ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ನಾವು ಬಾಡಿಗೆ ಮನೆಗಳಲ್ಲಿ ಬೆಳೆದವರು. ಬಾಡಿಗೆ ಮನೆ ಹುಡುಕುವಾಗ ಬೇರೆಯವರು ನೀರು ಬರುತ್ತದೆಯೇ, ಅಂಗಳ ಇದೆಯೇ ಎಂದು ಕೇಳುತ್ತಿದ್ದರು. ನಮ್ಮ ಅವ್ವ ಏನೂ ಕೇಳುತ್ತಿರಲಿಲ್ಲ. ಹೊತ್ತು ಮುಳುಗುವ ಸಮಯಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಮನೆ ತೋರಿಸುವವರು ಹೊಸ ಸಿಮೆಂಟು, ಮೊಸಾಯಿಕ್ ನೆಲ ಎಂದೆಲ್ಲ ಹೊಗಳುತ್ತಿದ್ದರೆ ಅವ್ವ ಕೈ ತೆಗೆದು, "ಕುದಿಯಾಕತ್ತದ, ನಡೀರಿ" ಎಂದು ಅಪ್ಪನಿಗೆ ಹೇಳಿ ಹೊರಟೇಬಿಡುತ್ತಿದ್ದಳು.

ಒಮ್ಮೆ ಮಾತ್ರ ಅಪ್ಪ ಅವ್ವನನ್ನು ಕೇಳದೆ ಒಂದು ತಗಡಿನ ಮಾಳಿಗೆಯ ಮನೆಗೆ ಒಪ್ಪಿ ಬಂದಿದ್ದ. ಆ ಬೇಸಿಗೆಯಲ್ಲಿ ಕರೆಂಟು ಹೋದಾಗ ಬೇಕೆಂದು ದೇವರ ಮುಂದಿಟ್ಟಿದ್ದ ಮೇಣದ ಬತ್ತಿ ಸೊಂಟ ಬಗ್ಗಿಸಿ ತಾನೇ ನಮಸ್ಕಾರ ಮಾಡಿತ್ತು. ತಿಂಗಳು ಬೇಕಾಗುವ ಉಪ್ಪಿನಕಾಯಿ ವಾರದಲ್ಲಿ ಮಾಗಿತು. ನಾನೂ ತಮ್ಮನೂ ಹಸಿ ಗೋಣಿಚೀಲ ಹೊದ್ದು ಮಂಚದ ಕೆಳಗೆ ಮಲಗಿ, ಅಲ್ಲೇ ಶಾಲೆಯ ಪಾಠ ಓದುತ್ತಿದ್ದೆವು. ಅಪ್ಪ ಮಿಲ್ಲಿನಿಂದ ಬಂದವನೇ ಅವ್ವನ ಮುಖ ನೋಡದೆ ಸೀದಾ ಮೇಲೆ ಹೋಗಿ ತಗಡಿನ ಮೇಲೆ ನೀರು ಹೊಯ್ಯುತ್ತಿದ್ದ. ಆ ಚುಂಯ್ ಎನ್ನುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ದೋಸೆ ಹುಯ್ದಾಗಲೆಲ್ಲ ಅಪ್ಪ ನೆನಪಾಗುತ್ತಾನೆ.

ಸಿಮೆಂಟಿನ ಮಾಳಿಗೆಯಿದ್ದ ಮನೆಗಳಲ್ಲಿ ರಾತ್ರಿ ಮೇಲೆ ಹಾಸಿಗೆ ಹಾಕುತ್ತಿದ್ದೆವು. ಅಕ್ಕಪಕ್ಕದ ಮಾಳಿಗೆಗಳ ಮೇಲೂ ಜನ. ಆಕಡೆಯವರ ರೇಡಿಯೊ ನಮ್ಮದು, ನಮ್ಮ ಅವಲಕ್ಕಿ ಅವರದು. ಅಪ್ಪ ಮಲಗಿಕೊಂಡೇ ಬೆರಳಿಂದ ಗಾಳಿಯಲ್ಲಿ ಮನೆ ಬರೆಯುತ್ತಿದ್ದ. ಇಲ್ಲಿ ಪಡಸಾಲೆ, ಇಲ್ಲಿ ಅಡುಗೆಮನೆ, ಪಶ್ಚಿಮಕ್ಕೆ ಕಿಟಕಿಯೇ ಬೇಡ. "ಮುಂದಿನ ವರ್ಷ ನೋಡು" ಎನ್ನುತ್ತಿದ್ದ. ಅವ್ವ "ಹೂಂ" ಎಂದು ಆಚೆ ಹೊರಳುತ್ತಿದ್ದಳು. ಮಿಲ್ಲು ಮುಚ್ಚಿತು, ಅಪ್ಪನೂ ಹೋದ. ಅವ್ವ ಈಗ ನನ್ನ ತಮ್ಮನ ಜೊತೆ ಅದೇ ಊರಲ್ಲಿ ಇದ್ದಾಳೆ, ಅದೂ ಬಾಡಿಗೆ ಮನೆಯೇ.

ಅವ್ವ ಒಂದು ಸಲವಾದರೂ, ಯಾರೂ ಬಿಟ್ಟು ಹೋಗಿ ಎನ್ನಲಾರದ ಮನೆಯಲ್ಲಿ ಕಾಲು ಚಾಚಿ ಮಲಗಬೇಕು. ನನಗೆ ಇದ್ದ ದೊಡ್ಡ ಆಸೆ ಇದೊಂದೇ. ನ್ಯೂಜಿಲೆಂಡಿಗೆ ಓದಲು ಬಂದು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದು, ಮೈಸೂರಿನ ಒಬ್ಬ ರಸ್ತೆ ಎಂಜಿನಿಯರನ್ನು ಮದುವೆಯಾಗಿ, ಮಗಳು ಇಂಚರ ಹುಟ್ಟಿದ ಮೇಲೂ ಅದು ಹಾಗೇ ಉಳಿದಿತ್ತು. ಫೋನ್ ಮಾಡಿದಾಗಲೆಲ್ಲ ಅವ್ವ ಕೇಳುತ್ತಿದ್ದಳು: "ಬಾ ಅಂತಿ, ಖರೆ. ಬಾಡಗಿ ಮನ್ಯಾಗ ಬಂದು ಕುಂದರಾಕ ಇಲ್ಲಿಲ್ಲೇನು ಬಾಡಗಿ ಮನಿ?"

ಆಗ ನಾವಿದ್ದದ್ದು ಆಕ್ಲೆಂಡಿನ ಮೌಂಟ್ ಆಲ್ಬರ್ಟಿನಲ್ಲಿ, ನ್ಯೂ ನಾರ್ತ್ ರಸ್ತೆಯ ಅಂಗಡಿ ಸಾಲಿನ ಹಿಂದಿನ ಒಂದು ಪುಟ್ಟ ಫ್ಲ್ಯಾಟಿನಲ್ಲಿ. ಶನಿವಾರ ಬಂತೆಂದರೆ ನಮಗೆ ಓಪನ್ ಹೋಮ್. ಮಾರಾಟಕ್ಕಿರುವ ಮನೆಯನ್ನು ಅರ್ಧ ಗಂಟೆ ಎಲ್ಲರಿಗೂ ತೆರೆದಿಡುತ್ತಾರೆ. ಕರೆಯದ ಮದುವೆಗೆ ಹೋದ ಹಾಗೆ ಅದು. ಬಾಗಿಲಲ್ಲಿ ಚಪ್ಪಲಿಯ ರಾಶಿ, ಒಳಗೆ ಯಾರೋ ಬೇಕೆಂದೇ ಹಬ್ಬಿಸಿದ ಕಾಫಿಯ ಘಮ, ಎಲ್ಲರ ಮುಖದಲ್ಲೂ ನಮಗೇನೂ ಈ ಮನೆ ಬೇಕಾಗಿಲ್ಲವೆಂಬ ಸುಳ್ಳು. ಯಜಮಾನರು ಮೊದಲು ಬಟ್ಟೆಯ ಕಪಾಟು ತೆಗೆದು, "ಇದ್ರಲ್ಲೇ ದೇವರ ಮನೆ ಮಾಡ್ಬೋದು ಅಲ್ವಾ" ಎನ್ನುತ್ತಿದ್ದರು. ನೂರು ಕಪಾಟುಗಳಲ್ಲಿ ಮನಸ್ಸಿನಲ್ಲೇ ದೇವರನ್ನು ಕೂರಿಸಿ ಎಬ್ಬಿಸಿದ್ದೇವೆ. ಪಾಪ, ಆ ದೇವರಿಗೂ ನಮ್ಮಂತೆಯೇ ಅಲೆದಾಟ.

ಒಂದು ಮನೆಯ ಹರಾಜಿಗೂ ಹೋದೆವು. ಹಿಂದಿನ ದಿನ ಇವರು ಕನ್ನಡಿಯ ಮುಂದೆ ನಿಂತು ಕೈ ಎತ್ತುವುದನ್ನು ಅಭ್ಯಾಸ ಮಾಡಿದ್ದರು. ತೀರಾ ಮೇಲೆತ್ತಿದರೆ ಆತುರ ಕಾಣುತ್ತದಂತೆ, ಭುಜದ ಮಟ್ಟಕ್ಕಿರಬೇಕಂತೆ. ಹರಾಜು ಕೂಗುವವನು ಶುರು ಮಾಡಿದ ಮೊತ್ತವೇ ನಮ್ಮ ಕೊನೆಯ ಮೊತ್ತವನ್ನು ದಾಟಿತ್ತು. ವಾಪಸು ಬರುವಾಗ ಕಾರಿನಲ್ಲಿ ಇವರು, "ಕೈ ಎತ್ತೋಕೂ ಬಿಡ್ಲಿಲ್ವಲ್ಲೇ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಅವರ ಎತ್ತದ ಕೈಯನ್ನು ಸುಮ್ಮನೆ ಹಿಡಿದುಕೊಂಡೆ.

ಆಮೇಲೆ ನಾವಿದ್ದ ಫ್ಲ್ಯಾಟನ್ನೇ ಅದರ ಮಾಲೀಕರು ಮಾರಿದರು. ತುಂಬ ವಿನಯದ ಒಂದು ಇಮೇಲ್ ಬಂತು. ಅದೇ ಹೊತ್ತಿಗೆ ಇವರಿಗೆ ದಕ್ಷಿಣದ ಡನೀಡಿನ್ ಊರಿನಲ್ಲಿ ಕೆಲಸ ಸಿಕ್ಕಿತು. ಆಕ್ಲೆಂಡಿನಲ್ಲಿ ಕಾರು ಶೆಡ್ಡಿಗೂ ಸಾಲದ ದುಡ್ಡಿಗೆ ಅಲ್ಲಿ ಮೂರು ಕೋಣೆಯ ಮನೆ, ಹಿಂದೆ ಹಿತ್ತಲು. ಕನ್ನಡದ ಗೆಳೆಯರು ಸುದ್ದಿ ಕೇಳಿ ಮನೆಯಲ್ಲಿ ಸಾವಾದವರಿಗೆ ಹೇಳುವಂತೆ ಸಮಾಧಾನ ಹೇಳಿದರು. "ಡನೀಡಿನ್ನಾ? ಅಲ್ಲಿ ಪೆಂಗ್ವಿನ್ ಬಿಟ್ರೆ ಯಾರಿದಾರೆ ಕಣ್ರೀ?" ಎಂದರು ಒಬ್ಬರು. "ಇಡ್ಲಿ ಹಿಟ್ಟು ಉಬ್ಬಲ್ಲ, ನೋಡ್ತಾ ಇರಿ" ಎಂದು ಅವರ ಹೆಂಡತಿ ಶಾಪ ಕೊಟ್ಟಂತೆ ಹೇಳಿದರು.

ಮನೆ ನೋಡಲು ಹೋದದ್ದು ಜನವರಿಯ ಕೊನೆಗೆ, ಇಲ್ಲಿನ ನಡುಬೇಸಿಗೆಯಲ್ಲಿ. ಅಂದು ಬಿಸಿಗಾಳಿ ಬೀಸಿ ಊರಿಗೆ ಊರೇ ಚಡ್ಡಿ ಹಾಕಿಕೊಂಡು ಸೆಕೆ ಸೆಕೆ ಎಂದು ಗೊಣಗುತ್ತಿತ್ತು. ಮನೆಯಿದ್ದ ಬಡಾವಣೆಯ ಹೆಸರು ನಾರ್ತ್ ಈಸ್ಟ್ ವ್ಯಾಲಿ. "ಹೆಸರಲ್ಲೇ ಈಶಾನ್ಯ ಇದೆ ಕಣೇ, ವಾಸ್ತು ನೋಡೋದೇ ಬೇಡ" ಎಂದು ಮೈಸೂರಿನವರು ಕಾರಿನಲ್ಲೇ ಅರ್ಧ ಒಪ್ಪಿದ್ದರು. ಗುಡ್ಡದ ಮಗ್ಗುಲಿಗೆ ಆನಿಸಿ ನಿಂತ ಹಳೆಯ ಮನೆ. ಹಿಂದೆ ದಟ್ಟವಾದ ದೊಡ್ಡ ಮರಗಳ ಸಾಲು. ಒಳಗೆ ಕಾಲಿಟ್ಟರೆ ಮಣ್ಣಿನ ಹರವಿಯೊಳಗೆ ಇಳಿದಷ್ಟು ತಂಪು. ನನ್ನ ಕೈ ಗೋಡೆಗೆ ಹೋಯಿತು. ನನಗೆ ಕಣ್ಣಲ್ಲಿ ನೀರೇ ಬಂತು. ಏಜೆಂಟನನ್ನು ಅಲ್ಲೇ ನಿಲ್ಲಿಸಿ ರಾಯಚೂರಿಗೆ ಫೋನ್ ಹಚ್ಚಿದೆ.

"ಅವ್ವಾ, ಗ್ವಾಡಿ ತಣ್ಣಗದಾವ!"

"ಸಂಜಿಮುಂದ ನೋಡಿಯೇನು?"

"ಈಗ ಸಂಜಿನೇ. ಹೊರಗ ಉರಿಬಿಸಲು, ಒಳಗ ಒಂದು ಎಳೀನೂ ಬಂದಿಲ್ಲ."

"ಮತ್ತೇನ್ ನೋಡ್ತಿ ಖೋಡಿ, ಹಿಡಿ ಅದನ್ನ!"

ಏಜೆಂಟ್ ಏನಾಯಿತೆಂದು ಕೇಳಿದ. ಈ ಮನೆಗೆ ಬಿಸಿಲೇ ಬೀಳುವುದಿಲ್ಲವಲ್ಲ, ಅದಕ್ಕೇ ನಮಗೆ ಬಹಳ ಇಷ್ಟವಾಯಿತು ಎಂದೆ. ಅವನು ನನ್ನ ಮುಖ ನೋಡಿದ, ಇವರ ಮುಖ ನೋಡಿದ, ಆಮೇಲೆ ಹಿತ್ತಲಿನ ಬಗ್ಗೆ ಮಾತಾಡಲು ಶುರುಮಾಡಿದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಮ್ಮ ಎದುರು ಈ ಮನೆಗಾಗಿ ಇನ್ನೊಬ್ಬರು ಯಾರೂ ನಿಲ್ಲಲಿಲ್ಲ. ನಮ್ಮ ಅದೃಷ್ಟ ನೋಡಿ ಎಂದು ನಾವು ಆಕ್ಲೆಂಡಿನ ಗೆಳೆಯರಿಗೆಲ್ಲ ಫೋನ್ ಮಾಡಿ ಹೊಟ್ಟೆ ಉರಿಸಿದೆವು. ಗೃಹಪ್ರವೇಶದ ದಿನ ಹಾಲು ಉಕ್ಕಿತು, ಧೂಪಕ್ಕೆ ಹೊಗೆಯ ಅಲಾರಂ ಮಂಗಳವಾದ್ಯ ನುಡಿಸಿತು.

ಏಪ್ರಿಲಿನಲ್ಲಿ ಅವ್ವ ಬಂದಳು. ರಾಯಚೂರಿನ ಬೇಸಿಗೆ ತಪ್ಪಿಸಿಕೊಂಡು ಆರು ತಿಂಗಳು ಮಗಳ ಸ್ವಂತ ಮನೆಯಲ್ಲಿ ಇರಲು. ಒಂದು ಪೆಟ್ಟಿಗೆಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಇಂಚರಳಿಗೆ ಹೊದೆಯಲೆಂದು ಹಳೆಯ ಸೀರೆಗಳಿಂದ ತಾನೇ ಹೊಲಿದ ಕೌದಿಗಳು ಮತ್ತು ನನಗೆಂದು ಸ್ಟೀಲಿನ ಡಬ್ಬಿಗಳು. ಮನೆಯೊಳಗೆ ಒಂದು ಸುತ್ತು ಹಾಕಿ, "ಏನ್ ತಂಪಲೇ ಮಗಳ! ನಿಮ್ಮಪ್ಪ ಇರಬೇಕಾಗಿತ್ತು" ಎಂದಳು. ನಾನು ಗೆದ್ದೆ ಎಂದುಕೊಂಡೆ.

ಮೇ ತಿಂಗಳಲ್ಲಿ ಸೂರ್ಯ ಕಾಣೆಯಾದ. ಮೊದಲ ದಿನ ಮೋಡ ಎಂದುಕೊಂಡೆವು. ಆದರೆ ಆಕಾಶ ನೀಲಿಯಾಗಿತ್ತು, ಕಣಿವೆಯ ಎದುರು ಗುಡ್ಡ ಹೊಳೆಯುತ್ತಿತ್ತು, ನಮ್ಮ ಮನೆಯಿದ್ದ ಮಗ್ಗುಲು ಮಾತ್ರ ನೆರಳಲ್ಲಿತ್ತು. ವಾರವಾದರೂ ಹಾಗೇ. ಕೊನೆಗೆ ಪಕ್ಕದ ಮನೆಯ ಜಾಯ್ಸ್ ಅಜ್ಜಿಯನ್ನು ಬೇಲಿಯಾಚೆಯಿಂದ ಕೇಳಿದೆ. ಆಕೆ ನಲವತ್ತು ವರ್ಷದಿಂದ ಅಲ್ಲೇ ಇರುವವಳು. "ಬಿಸಿಲಾ? ಅದು ಗುಡ್ಡದ ಹಿಂದೆ ಹೋಯಿತಲ್ಲ, ಆಗಸ್ಟಿನಲ್ಲಿ ಬರುತ್ತದೆ ಲವ್" ಎಂದಳು, ಮಗ ಪರ ಊರಿಗೆ ಹೋಗಿದ್ದಾನೆ ಎಂಬಷ್ಟು ಸಹಜವಾಗಿ. ಇಲ್ಲಿ ಚಳಿಗಾಲದ ಸೂರ್ಯ ಉತ್ತರಕ್ಕೆ ಸರಿದು ತಗ್ಗಿನಲ್ಲೇ ಹೊರಟುಹೋಗುತ್ತಾನಂತೆ, ಉತ್ತರಕ್ಕೆ ಗುಡ್ಡವಿದ್ದ ಮನೆಗೆ ಅವನ ಮುಖವೇ ಕಾಣುವುದಿಲ್ಲವಂತೆ. ಈ ಊರಿನ ಜನ ಮನೆ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆಯೇ ಬಿಸಿಲು ಬೀಳುತ್ತದೆಯೇ ಎಂಬುದಂತೆ. "ನಿಮಗೆ ನೆರಳೇ ಇಷ್ಟ ಅಂತ ಏಜೆಂಟ್ ಹೇಳಿದ್ದನಲ್ಲ?" ಎಂದು ಆಕೆ ಅನುಮಾನದಿಂದ ಕೇಳಿದಳು. ನಮ್ಮ ಕೀರ್ತಿ ಬೀದಿಗೆಲ್ಲ ಹಬ್ಬಿತ್ತು.

"ನೀವು ಎಂಜಿನಿಯರ್, ನಿಮಗಾದ್ರೂ ಹೊಳೀಬಾರದಿತ್ತಾ?" ಎಂದು ನಾನು ಇವರ ಮೇಲೆ ಹರಿಹಾಯ್ದೆ.

"ನಾನು ರೋಡ್ ಎಂಜಿನಿಯರ್ ಕಣೇ. ರೋಡ್ ಮೇಲೆ ಬಿಸಿಲು ಇದ್ದೇ ಇರತ್ತೆ" ಎಂದರು.

ಆ ಚಳಿಯ ಬಗ್ಗೆ ಏನು ಹೇಳಲಿ? ರಾಯಚೂರಿನಲ್ಲಿ ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲಿ ನಾಲ್ಕು ದಿನ ಹೆಪ್ಪುಗಟ್ಟಿದರೆ ಅದೇ ಒಂದು ಸುದ್ದಿ. ಇಲ್ಲಿ ಅದನ್ನು ಚಮಚೆಯಿಂದ ಕೆತ್ತಿ ತೆಗೆಯಬೇಕಿತ್ತು. ಹೀಟರ್ ಹಚ್ಚಿದರೂ ಮಲಗುವ ಕೋಣೆಯಲ್ಲಿ ಮಾತಾಡಿದರೆ ಮಾತಿನ ಜೊತೆ ಹೊಗೆ ಬರುತ್ತಿತ್ತು. ಬೆಳಿಗ್ಗೆ ಕಿಟಕಿಯ ಗಾಜಿನಿಂದ ನೀರಿಳಿದು ಪರದೆಗಳು ಒದ್ದೆಯಾಗಿರುತ್ತಿದ್ದವು. ಬಿಸಿನೀರಿನ ಹಂಡೆಯಿದ್ದ ಕಪಾಟೊಂದೇ ಮನೆಯಲ್ಲಿ ಬೆಚ್ಚಗಿನ ಜಾಗ. ಇಡ್ಲಿ ಹಿಟ್ಟನ್ನು ಅಲ್ಲೇ ಇಡುತ್ತಿದ್ದೆ. ಇಂಚರ ಶಾಲೆಯಿಂದ ಬಂದವಳೇ ಅದರ ಬಾಗಿಲು ತೆರೆದು ಹಿಟ್ಟಿನ ಪಾತ್ರೆಯ ಪಕ್ಕ ಕೂರುತ್ತಿದ್ದಳು. ಹಿಟ್ಟು ಮಾತ್ರ ಚೆನ್ನಾಗಿ ಉಬ್ಬಿತು, ಶಾಪ ತಟ್ಟಲಿಲ್ಲ.

ಅವ್ವ ಎರಡು ಸ್ವೆಟರ್, ಅಳಿಯನ ಉಣ್ಣೆಯ ಕಾಲುಚೀಲ, ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು, ಕೌದಿಗಳನ್ನು ಒಂದೊಂದಾಗಿ ಕಿಟಕಿಗಳಿಗೆ ಇಳಿಬಿಟ್ಟಳು. ಕೇಳಿದರೆ "ಛಲೋ ಅದ ಬಿಡು. ಬೆವರಿಲ್ಲ, ಸೊಳ್ಳಿ ಇಲ್ಲ" ಎನ್ನುತ್ತಿದ್ದಳು. ಆದರೆ ಮಧ್ಯಾಹ್ನ ಅಡುಗೆಮನೆಯ ಕೌದಿ ಸರಿಸಿ ಎದುರು ಗುಡ್ಡ ನೋಡುತ್ತ ನಿಲ್ಲುವಳು. ಅಲ್ಲಿ ಯಾರದೋ ಹಿತ್ತಲಿನಲ್ಲಿ ಬಟ್ಟೆಗಳು ಬಿಸಿಲಿಗೆ ಹಾರಾಡುತ್ತಿರುತ್ತಿದ್ದವು. "ಆ ಮಂದಿ ಬಟ್ಟಿ ಆಗಲೇ ಒಣಗ್ಯಾವ ನೋಡು" ಎಂದು ಒಮ್ಮೆ ಹೇಳಿದಳು, ಅಷ್ಟೇ. ಜೂನಿನ ಹೊತ್ತಿಗೆ ಕೆಮ್ಮು ಶುರುವಾಯಿತು. ಕಾಲು ಚಾಚಿ ಮಲಗಲೆಂದು ಕರೆಸಿಕೊಂಡಿದ್ದೆ, ಅವಳು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಮನೆ ಮಾರಿಬಿಡೋಣ ಎಂದೆ. ಇವರೂ ಒಪ್ಪಿದರು. ಎದುರು ಗುಡ್ಡದಲ್ಲಿ ಸ್ವಂತಕ್ಕೆ ಕೊಳ್ಳುವ ಶಕ್ತಿ ನಮಗಿರಲಿಲ್ಲ, ಆದರೆ ಬಾಡಿಗೆಗೆ ಸಿಗುತ್ತಿತ್ತು. ಈ ಮನೆಯ ಸಾಲದ ಕಂತು, ಆ ಮನೆಯ ಬಾಡಿಗೆ ಎರಡನ್ನೂ ಕಟ್ಟಲು ಮಾತ್ರ ಆಗುತ್ತಿರಲಿಲ್ಲ. ಅವ್ವ ಉಳಿದ ತಿಂಗಳುಗಳನ್ನಾದರೂ ಬಿಸಿಲಲ್ಲಿ ಕಳೆಯಲಿ. ಎಲ್ಲ ನಿಶ್ಚಯವಾದ ಮೇಲೆ ಅವಳಿಗೆ ಹೇಳಿದರಾಯಿತು ಎಂದು ಬಾಯಿ ಬಿಡಲಿಲ್ಲ. ಬೇರೊಬ್ಬ ಏಜೆಂಟನಿಗೆ ಮನೆ ನೋಡಿ ಬೆಲೆ ಹೇಳಲು ಬರಹೇಳಿದೆವು.

ಅವನು ಒಂದು ಶನಿವಾರ ಬೆಳಿಗ್ಗೆ ಬಂದ. ಎತ್ತರದ ಆಳು, ಕೋಟು, ಹೊಳೆಯುವ ಬೂಟು. ತಲೆ ಎತ್ತಿ ಚಾವಣಿಯ ಹಲಗೆ ನೋಡಿದ, ಕಪಾಟು ತೆಗೆದ, ನಲ್ಲಿ ತಿರುಗಿಸಿದ, ಒಂದು ಕಡೆ ಗೋಡೆ ತಟ್ಟಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ನಾವಿಬ್ಬರೂ ಅವನ ಹಿಂದೆ ಇಂಗ್ಲಿಷಿನಲ್ಲಿ ಮಾತಾಡುತ್ತ ಕೋಣೆಯಿಂದ ಕೋಣೆಗೆ ನಡೆದೆವು. ಪಡಸಾಲೆಯಲ್ಲಿ ಅವನು ಬೆಲೆಯ ಮಾತು ತೆಗೆಯುವಷ್ಟರಲ್ಲಿ ಇಂಚರ ಓಡಿಬಂದಳು.

"ಅಮ್ಮಾ, ಅಜ್ಜಿ ಈಸ್ ಪ್ಯಾಕಿಂಗ್ ದ ಕಿಚನ್."

ಒಳಗೆ ಹೋದೆ. ಅವ್ವ ನೆಲದ ಮೇಲೆ ತನ್ನ ಹಳೆಯ ಸೀರೆಯೊಂದನ್ನು ಹಾಸಿ, ಸ್ಟೀಲಿನ ಡಬ್ಬಿಗಳನ್ನು ಒಂದರೊಳಗೊಂದು ಸೇರಿಸಿ, ಸದ್ದಾಗದಂತೆ ನಡುವೆ ಬಟ್ಟೆಯ ತುಂಡು ತುರುಕುತ್ತಿದ್ದಳು. ಅರ್ಧ ಅಡುಗೆಮನೆ ಆಗಲೇ ಗಂಟಾಗಿತ್ತು. ನನಗೆ ಒಂದು ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ರಾಯಚೂರಿನಲ್ಲಿ ಮನೆ ಮಾಲೀಕರು ಹೀಗೇ ಬರುತ್ತಿದ್ದರು. ಮೊದಲು ಮಾಳಿಗೆ ನೋಡುವರು, ಗೋಡೆ ತಟ್ಟುವರು, ಕುರ್ಚಿಯಲ್ಲಿ ಕೂತು ಚಹಾ ಕುಡಿಯುವರು. ಅವರು ಕುಡಿದು ಮುಗಿಸುವವರೆಗೂ ಅವ್ವ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದಳು. ಲೋಟ ಕೆಳಗಿಟ್ಟ ಮೇಲೆ ಮನೆ ಬಿಡಿ ಎಂಬ ಆ ಮಾತು ಬರುತ್ತಿತ್ತು. ಎರಡನೆಯ ಸಲ ಅನ್ನಿಸಿಕೊಳ್ಳಬಾರದೆಂದು ಅವ್ವ ಅವತ್ತೇ ಪಾತ್ರೆ ಕಟ್ಟಲು ಕೂರುತ್ತಿದ್ದಳು.

"ಯಾವತ್ತಿಗೆ ಖಾಲಿ ಮಾಡಬೇಕಂತ?" ಎಂದು ತಲೆ ಎತ್ತದೆ ಕೇಳಿದಳು.

"ಅವ್ವಾ, ಅಂವ ಮಾಲಕ ಅಲ್ಲ. ಮಾಲಕರು ನಾವ."

"ಮತ್ತ ಅಂವ ಯಾಕ ಮ್ಯಾಲ ನೋಡಾಕತ್ತಿದ್ದ?"

"ಮಾರಿದ್ರ ಎಷ್ಟು ಬರ್ತದಂತ ಹೇಳಾಕ ಬಂದಾನ. ನಾವ ಮಾರಬೇಕಂತ ಮಾಡೀವಿ. ಥಂಡಿ ನಿನಗ ತಡ್ಯಾಕ ಆಗವಲ್ದು. ಬಿಸಲು ಇರೋ ಕಡಿ ಬಾಡಗಿ ಹಿಡದ್ರಾತು."

ಅವ್ವನ ಕೈ ನಿಂತಿತು. ಅವಳಿಗೆ ಸಿಟ್ಟು ಬಂದಿತ್ತು. ಹಾಗೆ ಸಿಟ್ಟಾದದ್ದನ್ನು ನಾನು ತಗಡಿನ ಮನೆಯ ನಂತರ ನೋಡಿರಲಿಲ್ಲ.

"ಅಷ್ಟು ಮನಿ ಬಿಟ್ಟೀನಿ ನಾ. ಒಂದೂ ನಾನಾಗಿ ಬಿಟ್ಟಿಲ್ಲ. ಬಿಡ್ರಿ ಅಂದ್ರು, ಬಿಟ್ವಿ. ನಿಮಗ ಯಾರರ ಬಿಡ್ರಿ ಅಂದಾರೇನು?"

"ಇಲ್ಲ ಅವ್ವಾ, ಆದ್ರ ಥಂಡಿ..."

"ಥಂಡಿ ಏನ್ ನೋಟೀಸ್ ಕೊಟ್ಟದೇನು? ಕೆಮ್ಮು ಬಂದದ, ಹೋಗ್ತದ. ಇದ ಮನ್ಯಾಗ ಒಲಿ ಹಚ್ರಿ, ಕಿಡಕಿ ಬಂದೋಬಸ್ತ್ ಮಾಡ್ರಿ, ಇನ್ನೆರಡು ಕೌದಿ ನಾ ಹೊಲೀತೀನಿ. ನಿಮ್ಮಪ್ಪ ಬರೇ ಗಾಳ್ಯಾಗ ಮನಿ ಕಟ್ಟಿ ಹೋದ. ನೀನು ಖರೇ ಮನಿ ತಗೊಂಡು ಮತ್ತೊಬ್ಬರ ಬಾಗಲಿಗೆ ಕರಕೊಂಡು ಹೊಂಟೀಯೇನು ನನ್ನ?"

ಅವಳಿಗೆ ನೆಮ್ಮದಿ ಕೊಡುತ್ತೇನೆಂದು ಅವಳಿಗೆ ಸಿಕ್ಕಿದ್ದ ಒಂದೇ ನೆಮ್ಮದಿಯನ್ನು ಕಿತ್ತುಕೊಳ್ಳಲು ಹೊರಟಿದ್ದೆ. ನೆಲದ ಮೇಲೆ ಅವಳ ಪಕ್ಕ ಕೂತು ಅತ್ತೆ. ಅವ್ವ ಸಮಾಧಾನ ಮಾಡುವ ಗೋಜಿಗೆ ಹೋಗದೆ ಗಂಟು ಬಿಚ್ಚಿ, ಒಳಗಿಂದ ಚಹಾದ ಡಬ್ಬಿ ಹುಡುಕಿ ತೆಗೆದು, "ಬಂದಾಂವಗ ಚಾ ಮಾಡು ಏಳು" ಎಂದಳು.

ಪಡಸಾಲೆಯಲ್ಲಿ ಏಜೆಂಟ್ ಇನ್ನೂ ನಿಂತೇ ಇದ್ದ. ಕ್ಷಮಿಸಿ, ನಾವು ಮಾರುತ್ತಿಲ್ಲ ಎಂದು ನಾನು ಹೇಳಿದೆ. ಇವರು ನನ್ನ ಕೆಂಪು ಕಣ್ಣು ನೋಡಿ ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಅವ್ವ ಬಂದಳು. ಮಂಕಿ ಕ್ಯಾಪ್ ತೆಗೆದು ಕೂದಲು ಸರಿಮಾಡಿಕೊಂಡಿದ್ದಳು. ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ನಡೆದು ಬಂದು ದೊಡ್ಡ ಕುರ್ಚಿಯಲ್ಲಿ ಕೂತು, ಎದುರಿನ ಸ್ಟೂಲನ್ನು ತೋರಿಸಿ ಅವನಿಗೆ ಕನ್ನಡದಲ್ಲೇ ಹೇಳಿದಳು:

"ಕುಂದರ್ರಿ. ನಮ್ಮ ಮನಿಗೆ ಬಂದೀರಿ, ಚಾ ಕುಡಿದು ಹೋಗ್ರಿ."

ಅವನಿಗೇನು ತಿಳಿಯಿತೋ, ಮೊಣಕಾಲು ಮಡಚಿ ಆ ಪುಟ್ಟ ಸ್ಟೂಲಿನ ಮೇಲೆ ಕೂತ. ಚಹಾ ಚೆನ್ನಾಗಿದೆ ಎಂದ. ಪೂರ್ತಿ ಕುಡಿದು ಲೋಟ ಕೆಳಗಿಟ್ಟು, ಎದ್ದು, ಎಲ್ಲರಿಗೂ ಕೈ ಮುಗಿದಂತೆ ಮಾಡಿ ಹೊರಟ. ನಾವೆಲ್ಲ ಅವನನ್ನು ಕಳಿಸಲು ಎದ್ದು ನಿಂತೆವು. ಅವ್ವ ಮಾತ್ರ ಏಳಲಿಲ್ಲ.